ದೇವಿಮನೆ ಘಟ್ಟದಲ್ಲಿ ಬ್ರೇಕ್ ಹೋಯಿತು, ಅರ್ಧ ಗಂಟೆ ಬಿಟ್ಟು ವಾಪಸ್ ಬಂತು: ಕಾರು ಮಾರಬೇಕಾ?

ಪ್ರಶ್ನೆ: ನಮ್ಮದು ಶಿರಸಿ. ಎಂಟು ವರ್ಷ ಹಳೆಯ ಪೆಟ್ರೋಲ್ ಸಣ್ಣ ಕಾರು. ಕಳೆದ ತಿಂಗಳು ಆಯಿ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಗೋಕರ್ಣಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟದ ಮಧ್ಯೆ ಮಗಳಿಗೆ ವಾಂತಿ ಬಂತು ಅಂತ ಐದು ನಿಮಿಷ ನಿಲ್ಲಿಸಿದೆವು. ಮುಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತಿತ್ತು. ಮತ್ತೆ ಹೊರಟು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಯಿತು. ನಾಲ್ಕೈದು ಸಲ ಒತ್ತಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಧರೆ ಬದಿಯ, ಅಂದರೆ ಗುಡ್ಡದ ಕಡೆಯ, ಗಟಾರಕ್ಕೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಮೊದಲಿನ ಹಾಗೇ ಇತ್ತು! ಕುಮಟೆಯ ಗ್ಯಾರೇಜಿನವರು ಓಡಿಸಿ ನೋಡಿ ಏನೂ ತೊಂದರೆ ಇಲ್ಲ ಎಂದರು. ನಮ್ಮ ಭಾವ ‘ಆ ಮಾಡೆಲ್ಲೇ ಹಾಗೆ, ಮಾರಿಬಿಡು’ ಎನ್ನುತ್ತಾರೆ. ಅದೇ ಮಾಡೆಲ್ ಇರುವ ಇನ್ನಿಬ್ಬರಿಗೂ ಬ್ರೇಕ್ ಫೇಲ್ ಆಗಿತ್ತಂತೆ. ನಿಜಕ್ಕೂ ಏನಾಯಿತು? ಗಾಡಿ ಇಟ್ಟುಕೊಳ್ಳಬಹುದಾ?

ಉತ್ತರ: ಗಾಡಿ ಮಾರುವ ಅಗತ್ಯ ಇಲ್ಲ. ಆದರೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸುವ ತನಕ ಅದರಲ್ಲಿ ಯಾವ ಘಟ್ಟವನ್ನೂ ಇಳಿಯಬೇಡಿ. ಊರೊಳಗೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಮುಂದಿನ ತಿಂಗಳು ನೋಡೋಣ ಅನ್ನಿಸಬಹುದು. ಅಲ್ಲೇ ಇರುವುದು ಅಪಾಯ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮಗಳ ವಾಂತಿ ವಿಷಯ. ನೀವು ಅದನ್ನು ಸುಮ್ನೆ ಮಧ್ಯದಲ್ಲಿ ಹೇಳಿಬಿಟ್ಟಿದ್ದೀರಿ. ಆದರೆ ಆ ಐದು ನಿಮಿಷದಲ್ಲೇ ನಿಮ್ಮ ಬ್ರೇಕ್ ಹೋಗಿದ್ದು.

ಘಟ್ಟದ ಅರ್ಧ ದಾರಿ ಬಹುಶಃ ಮೂರನೇ ಗೇರಿನಲ್ಲೋ ನಾಲ್ಕನೆಯದರಲ್ಲೋ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೀರಿ. ವಾಸನೆ ಬಂದಿದ್ದೇ ಅದಕ್ಕೆ ಸಾಕ್ಷಿ. 1200 ಕೆ.ಜಿ. ತೂಕದ ಗಾಡಿ 400 ಮೀಟರ್ ಎತ್ತರದಿಂದ ಕೆಳಗಿಳಿದರೆ ಹುಟ್ಟುವ ಶಕ್ತಿಯಲ್ಲಿ ಬಚ್ಚಲ ಹಂಡೆಯ ಹದಿನೈದು ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ಗೇರ್ ಸಣ್ಣದಿದ್ದರೆ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತದೆ. ಉಳಿದಿದ್ದೆಲ್ಲ ಬ್ರೇಕಿಗೆ, ಅದರಲ್ಲೂ ಹೆಚ್ಚಿನದು ಮುಂದಿನ ಎರಡು ಡಿಸ್ಕ್‌ಗಳಿಗೆ. ಸಣ್ಣ ಕಾರಿನ ಡಿಸ್ಕೂ ಸಣ್ಣದೇ ಅಲ್ವಾ? ಅದು 300 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ.

ಗಾಡಿ ಓಡುವಾಗ ಡಿಸ್ಕಿಗೆ ಗಾಳಿ ಬಡಿಯುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ನಿಂತಿತು. ಡಿಸ್ಕಿನ ಬಿಸಿ ಅದನ್ನು ಹಿಡಿಯುವ ಪ್ಯಾಡಿಗೆ ಹತ್ತಿತು, ಪ್ಯಾಡಿನಿಂದ ಅದನ್ನು ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಒಳಗಿರುವ ಬ್ರೇಕ್ ಆಯಿಲ್‌ಗೆ. ಹಳೇ ಎಣ್ಣೆ, ಅದರಲ್ಲಿ ನೀರಿನಂಶ. ಐದು ನಿಮಿಷದಲ್ಲಿ ಅದು ಕುದಿದು ಒಳಗೆ ಆವಿಯ ಗುಳ್ಳೆ ಎದ್ದಿದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಹಾಗೇ ಮುಂದಕ್ಕೆ ಕೊಡುತ್ತದೆ. ಆವಿ ಕುಗ್ಗುತ್ತದೆ. ನೀವು ಪೆಡಲ್ ಒತ್ತಿದ ಬಲವೆಲ್ಲ ಗುಳ್ಳೆ ಹಿಚುಕುವುದರಲ್ಲೇ ಮುಗಿಯಿತು, ಪ್ಯಾಡಿಗೆ ತಲುಪಲೇ ಇಲ್ಲ. ಅರ್ಧ ಗಂಟೆ ಬಿಟ್ಟಾಗ ತಣಿದು ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಕುಮಟೆಯ ಗ್ಯಾರೇಜಿನವರು ಸುಳ್ಳು ಹೇಳಿಲ್ಲ. ಅವರು ನೋಡುವ ಹೊತ್ತಿಗೆ ನೋಡಲು ಏನೂ ಉಳಿದಿರಲಿಲ್ಲ. ಆದರೆ ಕೊನೇ ಸಲ ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಒಂದು ಮಾತು ಕೇಳಬೇಕಿತ್ತು.

ಈಗ ಎಣ್ಣೆಯ ವಿಷಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ಜಾತಿಯದು. ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸಣ್ಣ ತೂತಿನಿಂದ, ರಬ್ಬರ್ ಹೋಸ್‌ಗಳ ಮೈಯಿಂದ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. ಅದರಲ್ಲಿ 3.7 ಶೇಕಡಾ ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಇದ್ದದ್ದು 155ಕ್ಕೆ. ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ ಸುರಿಯುವ, ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಎಣ್ಣೆ ಎಷ್ಟು ಬೇಗ ಕೆಡಬಹುದು ಎಂದು ನೀವೇ ಯೋಚಿಸಿ. ಸಾಮಾನ್ಯವಾಗಿ ಕಾರಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತವೆ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಇಬ್ಬರೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಟ್ಟಿಗೆ ಪಕ್ಕ ನಿಂತೇ ಇರುವ ಗಾಡಿಯ ಎಣ್ಣೆಯೂ ತೇವ ಕುಡಿಯುತ್ತದೆ. ಎಂಜಿನ್ ಆಯಿಲನ್ನು ದೇವರ ಪೂಜೆಯಷ್ಟು ಶ್ರದ್ಧೆಯಿಂದ ಬದಲಿಸುವವರು ಬ್ರೇಕ್ ಆಯಿಲ್ ಬಗ್ಗೆ ಕೇಳಿದರೆ ‘ಲೆವೆಲ್ ಸರಿ ಇದೆ’ ಎನ್ನುತ್ತಾರೆ. ಲೆವೆಲ್ ಸರಿ ಇರಬಹುದು ಮಾರಾಯರೆ, ಡಬ್ಬಿಯೊಳಗಿನ ಎಣ್ಣೆ ಎಂಟು ವರ್ಷದ್ದಲ್ವಾ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾರಿನ ಬ್ರೇಕಿಗೆ ಎರಡು ಪ್ರತ್ಯೇಕ ಲೈನ್ ಇರುತ್ತವೆ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ ಎಂದು ಹೇಳುತ್ತಾರೆ. ಹಾಗಾದರೆ ಪೂರ್ತಿ ಹೋಗಿದ್ದು ಹೇಗೆ? ಮುಂದಿನ ಚಕ್ರಕ್ಕೆ ಎಂಜಿನ್ ಬಲ ಕೊಡುವ ಸಣ್ಣ ಕಾರುಗಳಲ್ಲಿ ಈ ಲೈನ್‌ಗಳು ಸಾಮಾನ್ಯವಾಗಿ ಓರೆಯಾಗಿ ಹೋಗುತ್ತವೆ. ಮುಂದಿನ ಎಡ ಚಕ್ರಕ್ಕೆ ಹಿಂದಿನ ಬಲ ಚಕ್ರ ಜೋಡಿ, ಮುಂದಿನ ಬಲಕ್ಕೆ ಹಿಂದಿನ ಎಡ. ಒಂದು ಪೈಪ್ ಒಡೆದು ಎಣ್ಣೆ ಸೋರಿದರೆ ಈ ಏರ್ಪಾಡು ನಿಮ್ಮನ್ನು ಕಾಪಾಡುತ್ತದೆ. ಆದರೆ ಘಟ್ಟ ಇಳಿಯುವಾಗ ಬಿಸಿಯಾಗುವುದು ಮುಂದಿನ ಎರಡೂ ಚಕ್ರ. ಅಂದರೆ ಎರಡೂ ಲೈನಿನಲ್ಲಿ ಒಟ್ಟಿಗೇ ಗುಳ್ಳೆ ಏಳುತ್ತದೆ. ಸೋರಿಕೆಗೆ ಇದ್ದ ರಕ್ಷಣೆ ಕುದಿತಕ್ಕೆ ಇಲ್ಲ.

ನೀವು ಪೆಡಲನ್ನು ನಾಲ್ಕೈದು ಸಲ ಒತ್ತಿದ್ದು ಒಳ್ಳೆಯದೇ ಆಯಿತು. ಬೇಗ ಬೇಗ ಒತ್ತಿದರೆ ಹೆಚ್ಚು ಎಣ್ಣೆ ಲೈನಿಗೆ ನುಗ್ಗಿ, ಆವಿ ಹಿಚುಕಿ ಹೋಗಿ, ಸ್ವಲ್ಪವಾದರೂ ಒತ್ತಡ ಸಿಗುತ್ತದೆ. ‘ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಪಂಪ್ ಮಾಡಬಾರದು’ ಎಂದು ಕೆಲವರು ಹೇಳುತ್ತಾರೆ. ಆ ಮಾತು ಬ್ರೇಕ್ ಸರಿ ಇದ್ದಾಗ, ಜಾರುವ ರಸ್ತೆಯಲ್ಲಿ ಸಡನ್ ಆಗಿ ನಿಲ್ಲಿಸುವಾಗಿನದು. ಪೆಡಲ್ ನೆಲಕ್ಕೆ ಹೋದ ಮೇಲೆ ಎಬಿಎಸ್ ಇರಲಿ ಬಿಡಲಿ, ಪಂಪ್ ಮಾಡಲೇಬೇಕು.

ನಿಮ್ಮ ಭಾವ ಹೇಳಿದ ಇನ್ನಿಬ್ಬರ ಕಥೆಗೆ ಬರೋಣ. ಅವರಿಗೆ ಆಗಿದ್ದೂ ಇದೇನಾ? ನನಗೆ ಅನುಮಾನ. ಬ್ರೇಕ್ ಹೋಯಿತು ಎಂದು ಬಂದವರಿಗೆಲ್ಲ ನಾನು ಮೊದಲು ಕೇಳುವುದು ಕಾರು ಯಾವುದು ಎಂದಲ್ಲ. ಆ ಹೊತ್ತಿನಲ್ಲಿ ಕಾಲಿಗೆ ಪೆಡಲ್ ಹೇಗೆ ಸಿಕ್ಕಿತು ಎಂದು ಕೇಳುತ್ತೇನೆ. ಮೆತ್ತಗೆ ಕೆಳಗೆ ಹೋಯಿತಾ, ಕಲ್ಲಿನ ಹಾಗೆ ಗಟ್ಟಿಯಾಗಿತ್ತಾ, ನಡುಗಿತಾ? ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಅಂಕೋಲಾ ಕಡೆಯ ಒಬ್ಬರಿಗೆ ಅರಬೈಲ್ ಘಟ್ಟ ಇಳಿಯುವಾಗ ಪೆಡಲ್ ಗಟ್ಟಿಯಾಗಿಬಿಟ್ಟಿತ್ತು. ಎರಡು ಕಾಲಲ್ಲಿ ತುಳಿದರೂ ಗಾಡಿ ಸರಿಯಾಗಿ ನಿಲ್ಲಲಿಲ್ಲ, ಸ್ಟೇರಿಂಗೂ ಭಾರವಾಯಿತು. ಕೇಳುತ್ತ ಹೋದರೆ ವಿಷಯ ಹೊರಗೆ ಬಂತು: ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಕೀಲಿ ಆಫ್ ಮಾಡಿದ್ದರು. ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಸಿಗುವುದು ಎಂಜಿನ್ ತಿರುಗುವಾಗ ಮಾತ್ರ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ನಿಮ್ಮ ಕಾಲಿನ ಬಲವೇ ಗತಿ. ಅಂಥ ಹೊತ್ತಲ್ಲಿ ಕೀಲಿ ಹೊರಗೆ ತೆಗೆದರಂತೂ ಸ್ಟೇರಿಂಗ್ ಲಾಕ್ ಬೀಳುತ್ತದೆ. ಇನ್ನೊಂದು ತಮಾಷೆ ಎಂದರೆ ಇದರಿಂದ ಪೆಟ್ರೋಲೂ ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಐಡ್ಲಿಂಗಿಗೆ ಸುಡುತ್ತಲೇ ಇರುತ್ತದೆ. ಬಸ್ಸು ಲಾರಿಯವರ ಹಳೇ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ.

ಗಟ್ಟಿ ಪೆಡಲಿಗೆ ಇನ್ನೊಂದು ಕಾರಣ ನಮ್ಮ ಮಲೆನಾಡಿನದ್ದೇ. ಇಲಿ. ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತ ಗಾಡಿಯ ಬಾನೆಟ್ಟಿನೊಳಗೆ ಸೇರಿಕೊಂಡು ಬೂಸ್ಟರಿನ ರಬ್ಬರ್ ಹೋಸ್ ಕಡಿದಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ಆಫ್ ಇಟ್ಟು ಪೆಡಲನ್ನು ಗಟ್ಟಿಯಾಗುವ ತನಕ ಐದಾರು ಸಲ ಒತ್ತಿ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರಲಿಲ್ಲ ಎಂದರೆ ಬೂಸ್ಟರ್ ಅಥವಾ ಅದರ ಹೋಸ್ ನೋಡಿಸಿ.

ಪೆಡಲ್ ಎತ್ತರದಲ್ಲೇ ಇದೆ, ಗಟ್ಟಿಯೂ ಇದೆ, ಎಂಜಿನ್ನೂ ಓಡುತ್ತಿದೆ, ಆದರೂ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬೇರೆ. ಇದು ಪ್ಯಾಡ್ ಕಾದು ಹಿಡಿತ ಕಳೆದುಕೊಂಡ ಲಕ್ಷಣ. ಇದೂ ತಣಿದರೆ ವಾಪಸ್ ಬರುತ್ತದೆ, ಹಾಗಾಗಿ ನಿಮ್ಮ ಕೇಸಿನ ಜೊತೆ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅಗ್ಗದ ಪ್ಯಾಡ್ ಹಾಕಿಸಿದವರಿಗೆ ಜಾಸ್ತಿ ಕಾಣಿಸುತ್ತದೆ. ನಿಮಗೆ ಮೊದಲು ಸ್ವಲ್ಪ ಇದೂ ಆಗಿರಬಹುದು, ಆದರೆ ನೆಲ ಮುಟ್ಟಿದ ಪೆಡಲಿಗೆ ಕಾರಣ ಎಣ್ಣೆಯೇ.

ಪೆಡಲ್ ‘ಗರ್ ಗರ್’ ಎಂದು ನಡುಗಿತು, ಗಾಡಿ ಅಂದುಕೊಂಡಲ್ಲಿ ನಿಲ್ಲಲಿಲ್ಲ ಎಂದರೆ ಹೆಚ್ಚಿನ ಸಲ ಅದು ಎಬಿಎಸ್ ತನ್ನ ಕೆಲಸ ಮಾಡಿದ್ದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಕಡ್ಡಾಯ. ಆದರೆ ಅದು ಕಾಲಿಗೆ ಹೇಗೆ ಸಿಗುತ್ತದೆ ಎಂದು ಗಾಡಿ ಕೊಡುವಾಗ ಯಾರೂ ಹೇಳುವುದಿಲ್ಲ. ನಡುಗಿದ ಕೂಡಲೇ ಹೆದರಿ ಕಾಲು ತೆಗೆದುಬಿಡುತ್ತಾರೆ. ಹೆದ್ದಾರಿ ಕೆಲಸ ನಡೆಯುವ ಕಡೆ ಹರಡಿದ ಜಲ್ಲಿ ಮೇಲೆ ಎಬಿಎಸ್ ಗಾಡಿ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ ಎನ್ನುವುದೂ ನಿಜ. ಬ್ರೇಕ್ ಕೆಟ್ಟಿದೆ ಎಂದು ಅರ್ಥವಲ್ಲ.

ಕಾರವಾರ, ಹೊನ್ನಾವರ, ಭಟ್ಕಳದ ಗಾಡಿಗಳಲ್ಲಿ ನಾನು ಬೇರೆಯೇ ಒಂದನ್ನು ಹುಡುಕುತ್ತೇನೆ: ತುಕ್ಕು. ಕಡಲಿನ ಉಪ್ಪು ಗಾಳಿ ಸಾಲದು ಎಂಬಂತೆ ಮೀನಿನ ಗಾಡಿಗಳಿಂದ ಸುರಿಯುವ ಉಪ್ಪು ನೀರು ರಸ್ತೆ ತುಂಬ. ಅದು ಅಡಿಗೆ ಸಿಡಿದು ಹಿಂದಿನ ಚಕ್ರಕ್ಕೆ ಹೋಗುವ ಉಕ್ಕಿನ ಬ್ರೇಕ್ ಪೈಪಿನ ಕ್ಲಿಪ್‌ಗಳ ಸಂದಿಯಲ್ಲಿ ಕೂರುತ್ತದೆ. ಮೇಲಿಂದ ನೋಡಿದರೆ ಪೈಪ್ ಚೆನ್ನಾಗೇ ಇರುತ್ತದೆ. ಕ್ಲಿಪ್ ಬಿಡಿಸಿ ಬೆರಳಾಡಿಸಿದರೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ದಿನಾ ಮೆಲ್ಲಗೆ ಒತ್ತುವಾಗ ತಡೆದುಕೊಂಡ ಪೈಪ್, ದನ ಅಡ್ಡ ಬಂತು ಎಂದು ಜೋರಾಗಿ ಒತ್ತಿದ ದಿನವೇ ಒಡೆಯುತ್ತದೆ. ಆಗ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗಿ, ಒಂದು ಲೈನಿನ ಬ್ರೇಕ್ ಮಾತ್ರ ಉಳಿದು, ಗಾಡಿ ಬಹಳ ಮುಂದೆ ಹೋಗಿ ನಿಲ್ಲುತ್ತದೆ. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಲೆವೆಲ್ ಇಳಿದಿರುತ್ತದೆ. ನಿಮ್ಮ ಗಾಡಿಯಲ್ಲಿ ಲೆವೆಲ್ ಇಳಿದಿದ್ದರೆ ನೀವು ಬರೆಯುತ್ತಿದ್ದಿರಿ, ಗ್ಯಾರೇಜಿನವರ ಕಣ್ಣಿಗೂ ಬೀಳುತ್ತಿತ್ತು. ಹಾಗಾಗಿ ಸೋರಿಕೆಯನ್ನು ಸದ್ಯ ಪಕ್ಕಕ್ಕಿಡುತ್ತೇನೆ. ಒಂದು ಎಚ್ಚರ: ಬಹಳ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿನ ಕೆಂಪು ದೀಪವೇ ಎಣ್ಣೆ ಕಡಿಮೆಯಾದಾಗಲೂ ಹೊತ್ತುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದರೂ ದೀಪ ಮಿಣಕುತ್ತಿದ್ದರೆ ‘ಸ್ವಿಚ್ ಲೂಸ್ ಇರಬೇಕು’ ಎಂದು ಬಿಡಬೇಡಿ.

ಇನ್ನು ಕಾಲಡಿಯ ನೀರಿನ ಬಾಟಲಿ ಉರುಳಿ ಪೆಡಲಿನ ಹಿಂದೆ ಸಿಕ್ಕಿದ್ದು, ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿ ಜಾರಿದ್ದು, ಮಳೆಗಾಲದಲ್ಲಿ ಹಳ್ಳ ದಾಟಿ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ನೀರು ಹೋಗಿ ಬ್ರೇಕ್ ಹಿಡಿಯದೇ ಇದ್ದದ್ದು, ಇವೂ ‘ಬ್ರೇಕ್ ಫೇಲ್’ ಪಟ್ಟಿಗೇ ಸೇರುತ್ತವೆ. ಹಳ್ಳ ದಾಟಿದ ಮೇಲೆ ನಿಧಾನ ಓಡಿಸುತ್ತ ಮೆಲ್ಲಗೆ ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಒಣಗುತ್ತದೆ.

ಮಾಡೆಲ್ಲೇ ಹಾಗೆ ಎನ್ನುವ ಮಾತು ಯಾವಾಗಲೂ ಸುಳ್ಳು ಎಂದು ನಾನು ಹೇಳುವುದಿಲ್ಲ. ಕಂಪನಿಯ ತಪ್ಪು ಇರುವುದೂ ಉಂಟು. 2022ರ ಅಕ್ಟೋಬರ್‌ನಲ್ಲಿ ಮಾರುತಿ ಸುಜುಕಿ ತಾನೇ ಮುಂದೆ ಬಂದು ವ್ಯಾಗನ್‌ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಕಾರುಗಳನ್ನು ವಾಪಸ್ ಕರೆದಿತ್ತು. ಹಿಂದಿನ ಬ್ರೇಕಿನ ಒಂದು ಪಿನ್ನಿನಲ್ಲಿ ದೋಷ ಇರಬಹುದು, ಅದು ಮುರಿದರೆ ಸದ್ದು ಬರಬಹುದು, ದಿನ ಹೋದ ಹಾಗೆ ಬ್ರೇಕ್ ಹಿಡಿತಕ್ಕೂ ತೊಂದರೆ ಆಗಬಹುದು ಎನ್ನುವುದು ಕಾರಣ. ಆ ವರ್ಷದ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ನಡುವೆ ತಯಾರಾದ ಗಾಡಿಗಳಿಗೆ ಮಾತ್ರ ಅದು ಅನ್ವಯ. ನಿಜವಾದ ತಯಾರಿಕೆಯ ದೋಷ ಹೀಗಿರುತ್ತದೆ. ಇಂಥ ದಿನಗಳ ನಡುವೆ ತಯಾರಾದ, ಇಂಥ ಭಾಗ ಎಂದು ಬೆರಳಿಟ್ಟು ತೋರಿಸಬಹುದು. ನಿಮ್ಮ ಗಾಡಿ ಇದರಲ್ಲಿ ಸೇರುವುದಿಲ್ಲ. ಆದರೂ ಚಾಸಿಸ್ ನಂಬರ್ ತೆಗೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹಳೇ ರೀಕಾಲ್ ಏನಾದರೂ ಬಾಕಿ ಇದೆಯಾ ಎಂದು ಒಮ್ಮೆ ಕೇಳಿ. ಬಾಕಿ ಇದ್ದರೆ ದುಡ್ಡಿಲ್ಲದೆ ಮಾಡಿಕೊಡುತ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಎಂಬ ಕಲಂ ಸೇರಿಸಿ, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದ್ದಾರೆ.

ಮೂವರದ್ದೂ ಒಂದೇ ಮಾಡೆಲ್ ಎನ್ನುವುದರಲ್ಲಿ ನನಗೆ ಅಚ್ಚರಿ ಕಾಣುತ್ತಿಲ್ಲ. ಶಿರಸಿಯಲ್ಲಿ ಯಾವ ಸಣ್ಣ ಕಾರು ಜಾಸ್ತಿ ಮಾರಾಟವಾಗಿದೆಯೋ ಅದರ ಬ್ರೇಕಿನ ಕಥೆಗಳೇ ಜಾಸ್ತಿ ಕಿವಿಗೆ ಬೀಳುತ್ತವೆ. ಸಣ್ಣ ಕಾರುಗಳಿಗೆ ಒಟ್ಟಾರೆ ಒಂದು ಮಿತಿ ಇದೆ ಎನ್ನುವುದು ಬೇರೆ ಮಾತು. ಸಣ್ಣ ಡಿಸ್ಕು, ಹಿಂದೆ ಡ್ರಮ್ಮು, ಒಂದು ಲೀಟರ್ ಆಸುಪಾಸಿನ ಎಂಜಿನ್. ಅದರೊಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ತೆಂಗಿನಕಾಯಿ ಚೀಲ. ಅದು ಭಾರ ಹೊರುವುದಿಲ್ಲ ಎಂದಲ್ಲ. ಹೊತ್ತು ಇಳಿಯುವಾಗ ಗೇರಿನ ಸಹಾಯ ಕೊಡದಿದ್ದರೆ ದೊಡ್ಡ ಗಾಡಿಗಿಂತ ಬೇಗ ಸೋಲುತ್ತದೆ.

ಇನ್ನು ನೀವು ಮಾಡಿಸಬೇಕಾದ ಕೆಲಸ. ಗ್ಯಾರೇಜಿನಲ್ಲಿ ‘ಬ್ರೇಕ್ ನೋಡಿ’ ಎಂದರೆ ಪ್ಯಾಡ್ ನೋಡಿ, ಡ್ರಮ್ ಉಜ್ಜಿ ಕೊಡುತ್ತಾರೆ. ಹಾಗೆ ಹೇಳಬೇಡಿ. ‘ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿ’ ಎನ್ನಿ. ಬ್ಲೀಡ್ ಎಂದರೆ ಚಕ್ರದ ಹತ್ತಿರದ ನಟ್ಟು ಸಡಿಲಿಸಿ ಹಳೇ ಎಣ್ಣೆಯನ್ನೂ ಗಾಳಿಯನ್ನೂ ಹೊರಗೆ ಬಿಡುವುದು. ಡಬ್ಬಿಯಲ್ಲಿರುವುದನ್ನು ಸಿರಿಂಜಿನಲ್ಲಿ ಎಳೆದು ಹೊಸದು ಸುರಿಯುವುದು ಪ್ರಯೋಜನವಿಲ್ಲ, ಕುದಿಯುವ ಎಣ್ಣೆ ಇರುವುದು ಕೆಳಗೆ ಕ್ಯಾಲಿಪರ್‌ನಲ್ಲಿ. ಸಾಧ್ಯವಾದರೆ ಪಕ್ಕದಲ್ಲೇ ನಿಂತು ನೋಡಿ. ಬ್ಲೀಡ್ ನಟ್ಟಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಕಂದು ಬಣ್ಣದ ಎಣ್ಣೆ ಬರುತ್ತದೆ, ಕೆಲವೊಮ್ಮೆ ಕಪ್ಪು ಕಸವೂ ಬರುತ್ತದೆ, ಆಮೇಲೆ ತಿಳಿ ಹಳದಿಗೆ ತಿರುಗುತ್ತದೆ. ತಿಳಿಯಾಗುವ ತನಕ ಬಿಡಬೇಕು. ಪ್ರತಿ ಚಕ್ರದಲ್ಲೂ. ಯಾವ ದರ್ಜೆಯ ಎಣ್ಣೆ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3 ಬರೆದಿರುವಲ್ಲಿ ಡಾಟ್ 4 ಹಾಕಬಹುದು, ನಿಮ್ಮಂಥವರಿಗೆ ಅದೇ ಒಳ್ಳೆಯದು. ಡಾಟ್ 5 ಎನ್ನುವುದು ಸಿಲಿಕೋನ್, ಇವುಗಳ ಜೊತೆ ಬೆರೆಯುವಂಥದ್ದಲ್ಲ, ಮುಟ್ಟಬೇಡಿ. ಅರ್ಧ ಬಳಸಿ ಮುಚ್ಚಿಟ್ಟ ಹಳೇ ಬಾಟಲಿಯ ಎಣ್ಣೆಯೂ ಬೇಡ, ಸೀಲ್ ಒಡೆಯದ್ದೇ ಬೇಕು. ಮತ್ತೊಂದು, ಎಂಜಿನ್ ಆಯಿಲ್ ಒಂದು ಹನಿಯೂ ಆ ಡಬ್ಬಿಗೆ ಬೀಳಬಾರದು. ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಇಡೀ ಬ್ರೇಕ್ ವ್ಯವಸ್ಥೆಯೇ ಹಾಳಾಗುತ್ತದೆ.

ಚಕ್ರ ಬಿಚ್ಚಿದಾಗಲೇ ಇನ್ನೆರಡು ನೋಡಿಸಿ. ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್ನುಗಳು ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಅವು ತುಕ್ಕು ಹಿಡಿದು ಬಿಗಿಯಾಗಿದ್ದರೆ ನೀವು ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ, ಘಟ್ಟ ಶುರುವಾಗುವ ಮೊದಲೇ ಆ ಚಕ್ರ ಬಿಸಿಯಾಗಿರುತ್ತದೆ. ಸುಟ್ಟ ವಾಸನೆ ಒಂದೇ ಕಡೆಯ ಚಕ್ರದಿಂದ ಬರುತ್ತಿತ್ತಾ? ನೆನಪಿದ್ದರೆ ಮೆಕ್ಯಾನಿಕ್‌ಗೆ ಹೇಳಿ. ಎರಡನೆಯದು ಹಿಂದಿನ ಡ್ರಮ್. ಅದರೊಳಗಿನ ತಾನಾಗಿ ಅಡ್ಜಸ್ಟ್ ಆಗುವ ಸ್ಕ್ರೂ ಹಿಡಿದುಕೊಂಡಿದ್ದರೆ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಲಿವರ್ ತೀರ ಮೇಲೆ ಬಂದ ಮೇಲಷ್ಟೇ ಹಿಡಿಯುತ್ತಿದ್ದರೆ ಇದು ಇರಬಹುದು. ಎಣ್ಣೆ, ಕೂಲಿ ಎಲ್ಲ ಸೇರಿದರೂ ಭಾವ ಹೇಳಿದಂತೆ ಗಾಡಿ ಮಾರಿ ಹೊಸದು ತರುವ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಹೊಸದು ತಂದರೂ ಇಳಿಯುವುದು ಅದೇ ದೇವಿಮನೆಯನ್ನೇ ಅಲ್ವಾ?

ಇಳಿಯುವ ರೀತಿ ಬಗ್ಗೆ. ರಾಗಿಹೊಸಳ್ಳಿ ದಾಟಿ ಘಟ್ಟ ಶುರುವಾಗುವ ಮೊದಲೇ ಗೇರ್ ಇಳಿಸಿಬಿಡಿ. ಇಳಿಜಾರಿಗೆ ಬಿದ್ದ ಮೇಲೆ, ವೇಗ ಏರಿದ ಮೇಲೆ ಇಳಿಸುವುದು ಕಷ್ಟ. ವಾಪಸ್ ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ. ತುಂಬಿದ ಸಣ್ಣ ಕಾರಿಗೆ ಬಹುಪಾಲು ಎರಡನೆಯದು, ಸ್ವಲ್ಪ ಸಪಾಟು ಬಂದಲ್ಲಿ ಮೂರನೆಯದು. ಎಂಜಿನ್ ಕೂಗುತ್ತದೆ, ಪಕ್ಕದಲ್ಲಿ ಕೂತವರು ‘ಗೇರ್ ಚೇಂಜ್ ಮಾಡು’ ಎನ್ನುತ್ತಾರೆ. ಕೂಗಲಿ ಬಿಡಿ. ಮೂರು, ಮೂರೂವರೆ ಸಾವಿರ ಆರ್‌ಪಿಎಂನಲ್ಲಿ ಪೆಟ್ರೋಲ್ ಎಂಜಿನ್ನಿಗೆ ಏನೂ ಆಗುವುದಿಲ್ಲ. ‘ಒತ್ತಿ ಬಿಡಿ, ಒತ್ತಿ ಬಿಡಿ’ ಎಂದು ಹಿರಿಯರು ಹೇಳುವುದು ಸರಿಯೇ, ಆದರೆ ದೊಡ್ಡ ಗೇರಿನಲ್ಲೇ ಒತ್ತಿ ಬಿಟ್ಟು ಮಾಡುತ್ತಿದ್ದರೆ ಒಟ್ಟು ಬಿಸಿ ಏನೂ ಕಡಿಮೆಯಾಗುವುದಿಲ್ಲ. ಕೆಲಸ ಮಾಡುವುದು ಗೇರು. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನಾಗಿ ಗೇರ್ ಬದಲಿಸುವ) ಗಾಡಿಯವರು ಇನ್ನೂ ಹುಷಾರಾಗಿರಬೇಕು. ‘ಡಿ’ಯಲ್ಲಿ ಬಿಟ್ಟರೆ ಕಾಲು ತೆಗೆದ ಕೂಡಲೇ ಅದು ತಾನಾಗಿ ಮೇಲಿನ ಗೇರಿಗೆ ಹೋಗಬಹುದು. ಮ್ಯಾನ್ಯುಯಲ್‌ಗೆ ಹಾಕಿ ಎರಡರಲ್ಲಿ ಇಟ್ಟುಕೊಳ್ಳಬೇಕು.

ವಾಸನೆ ಬಂದರೆ, ಅಥವಾ ಯಾರಿಗಾದರೂ ವಾಂತಿ ಬಂದು ನಿಲ್ಲಿಸಲೇಬೇಕಾಗಿ ಬಂದರೆ, ನಿಲ್ಲಿಸಿ. ಆದರೆ ಐದು ನಿಮಿಷಕ್ಕೆ ಹೊರಡಬೇಡಿ. ಐದು ಹತ್ತು ನಿಮಿಷದ ಹೊತ್ತಿಗೇ ಎಣ್ಣೆಗೆ ಬಿಸಿ ಜಾಸ್ತಿ ಏರಿರುತ್ತದೆ. ಅರ್ಧ ಗಂಟೆ ಕೂತುಕೊಳ್ಳಿ. ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗಬಹುದು. ಹೊರಡುವ ಮೊದಲು ನಿಂತಲ್ಲೇ ಪೆಡಲ್ ಒತ್ತಿ ನೋಡಿ, ಮೆತ್ತಗಿದ್ದರೆ ಇನ್ನೂ ಕಾಯಿರಿ.

ಎಲ್ಲ ಮಾಡಿಯೂ ಪೆಡಲ್ ಹೋಯಿತು ಅಂದುಕೊಳ್ಳಿ. ನೀವು ಅವತ್ತು ಮಾಡಿದ್ದೇ ಸರಿಯಾದ ಕ್ರಮ. ಪಂಪ್, ಗೇರು, ಹ್ಯಾಂಡ್ ಬ್ರೇಕು, ಧರೆ. ಗೇರನ್ನು ನಾಲ್ಕರಿಂದ ಸೀದಾ ಒಂದಕ್ಕೆ ಹಾಕಲು ಹೋಗಬೇಡಿ. ಬೀಳದಿದ್ದರೆ ನ್ಯೂಟ್ರಲ್‌ನಲ್ಲಿ ಸಿಕ್ಕಿಬೀಳುತ್ತೀರಿ, ಅದಕ್ಕಿಂತ ಕೆಟ್ಟದ್ದಿಲ್ಲ. ಒಂದೊಂದೇ ಇಳಿಸಿ. ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿಯೇ ಹಿಡಿದು ಮೆಲ್ಲಗೆ ಎಳೆಯಿರಿ, ಹಿಂದಿನ ಚಕ್ರ ಜಾರಿದ ಹಾಗೆ ಅನ್ನಿಸಿದರೆ ಸ್ವಲ್ಪ ಬಿಡಿ. ಅದು ತಂತಿಯಿಂದ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಗಾಬರಿಯಲ್ಲಿ ಒಂದೇ ಸಲ ಎಳೆದುಬಿಟ್ಟರೆ ತಿರುವಿನಲ್ಲಿ ಗಾಡಿ ಅಡ್ಡಡ್ಡ ತಿರುಗುತ್ತದೆ. ಹೊಸ ಗಾಡಿಗಳಲ್ಲಿ ಲಿವರ್ ಬದಲು ಸ್ವಿಚ್ ಇದ್ದರೆ ಅದನ್ನು ಎಳೆದು ಹಿಡಿದೇ ಇರಬೇಕು. ಹಾರ್ನ್, ಹಜಾರ್ಡ್ ಲೈಟ್ ಹಾಕಿ, ಎಂಜಿನ್ ಮಾತ್ರ ಬಂದ್ ಮಾಡಬೇಡಿ. ಕೊನೆಗೂ ನಿಲ್ಲದಿದ್ದರೆ ಕಣಿವೆ ಬದಿ ಬಿಟ್ಟು ಧರೆಗೆ ಗಾಡಿಯ ಮೈ ಉಜ್ಜಿಸಿ, ಗಟಾರಕ್ಕೆ ಇಳಿಸಿ. ಬಾಗಿಲು ಹೋದರೆ ಹೋಗಲಿ.

ಎಣ್ಣೆ ಬದಲಿಸಿದ ಮೇಲೆ ಒಂದು ಪರೀಕ್ಷೆ ಬಾಕಿ ಇದೆ. ಮನೆ ಮುಂದೆ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಇದ್ದಲ್ಲೇ ಇದ್ದರೆ ಮೊದಲ ಸಲ ಖಾಲಿ ಗಾಡಿಯಲ್ಲಿ, ಮಳೆ ಇಲ್ಲದ ದಿನ ಬೆಳಿಗ್ಗೆ, ಎರಡನೇ ಗೇರಿನಲ್ಲಿ ಘಟ್ಟದ ಕೆಳಗಿನ ಕತಗಾಲದ ತನಕ ಇಳಿದು ಬನ್ನಿ. ಆಮೇಲೆ ಮನೆಮಂದಿಯನ್ನು ಕೂರಿಸಿಕೊಳ್ಳಿ. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಕೆಳಗೆ ಇಳಿಯುತ್ತ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲಿನ ಬಲವನ್ನು ಎಣ್ಣೆಗೆ ಕೊಡುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ಆಗ ಬರೀ ಕಿಟ್ ಹಾಕಿ ರಿಪೇರಿ ಮಾಡುತ್ತೇವೆ ಎಂದರೆ ಒಪ್ಪಬೇಡಿ, ಇಡೀ ಸಿಲಿಂಡರನ್ನೇ ಹೊಸದು ಹಾಕಿಸಿ.